ರಾಗದ ತಲೆಬರಹ ಮತ್ತು ರಚನೆಯ ಕಾಲ: ಅಕ್ಕಮಹಾದೇವಿಯ ಹೆಸರಿನ ಸ್ವರವಚನಗಳ ಕಾಲನಿರ್ಣಯ ಕುರಿತು ಕೆಲವು ವಿಚಾರಗಳು

1. ಪ್ರವೇಶ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕು ಕನ್ನಡ ಸಾಹಿತ್ಯ ಚರಿತ್ರೆಯ ಅಭ್ಯಾಸಿಗಳಿಗೆ ಹೊಸದಾಗಿ ಪರಿಚಯಿಸಬೇಕಾದ ಪ್ರದೇಶವಲ್ಲ. ತಾಳಗುಂದ, ಬಳ್ಳಿಗಾವಿ, ಬಂದಳಿಕೆ ಹಾಗೂ ಉಡುತಡಿ ಎಂದು ಗುರುತಿಸಲಾಗಿರುವ ಉಡುಗಣಿ ಇವೆಲ್ಲವೂ ಈ ಒಂದೇ ತಾಲ್ಲೂಕಿನ ಎಲ್ಲೆಯಲ್ಲಿವೆ. ಇದೇ ತಾಲ್ಲೂಕಿನ ಅಂಜನಾಪುರ ಹೋಬಳಿಯವನಾದ ಪ್ರಸ್ತುತ ಲೇಖಕನಿಗೆ ಈ ಸ್ಥಳಗಳ ಸಾಮೀಪ್ಯವೇ ಒಂದು ಪ್ರಶ್ನೆಯನ್ನು ಒಡ್ಡಿತು. ತಾಳಗುಂದದ ಸ್ತಂಭಶಾಸನದಲ್ಲಿ ಕುಬ್ಜನೆಂಬ ಕವಿಯು ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದುದಾಗಿ ಹೇಳಿಕೊಂಡಿದ್ದಾನೆ. ಐದನೆಯ ಶತಮಾನದ ಆ ಸಂಸ್ಕೃತ ರಚನೆಯಲ್ಲಿ ಕವಿ, ಕೃತಿ ಮತ್ತು ಬರಹಗಳ ನಡುವೆ ಅಂತರವೇ ಇಲ್ಲ. ಅದೇ ನೆಲದಲ್ಲಿ ಸುಮಾರು ಏಳು ಶತಮಾನಗಳ ನಂತರ ಹುಟ್ಟಿದ ಅಕ್ಕಮಹಾದೇವಿಯ ಕೈಬರಹದ ಒಂದು ಸಾಲೂ ನಮಗೆ ದೊರೆತಿಲ್ಲ. ಆಕೆಯ ಹೆಸರಿನಲ್ಲಿ ಇರುವುದೆಲ್ಲ ಅನ್ಯರು ಕೇಳಿ, ಹಾಡಿ, ನೆನಪಿನಲ್ಲಿ ಉಳಿಸಿಕೊಂಡು, ಕಾಲಾಂತರದಲ್ಲಿ ಓಲೆಗೆ ಇಳಿಸಿದ ಪಾಠಗಳು.

ಈ ಪಾಠಗಳಲ್ಲಿ ಮೂರು ಬಗೆಗಳಿವೆ. ಮೊದಲನೆಯದು ಸರ್ವವಿದಿತವಾದ ಗದ್ಯಲಯದ ವಚನಗಳು. ಎರಡನೆಯದು ತ್ರಿಪದಿಯಲ್ಲಿರುವ ಯೋಗಾಂಗ ತ್ರಿವಿಧಿ. ಮೂರನೆಯದು ಹಸ್ತಪ್ರತಿಗಳಲ್ಲಿ ರಾಗ-ತಾಳಗಳ ನಿರ್ದೇಶನದೊಡನೆ ದೊರೆಯುವ, ಪಲ್ಲವಿ-ಚರಣಗಳುಳ್ಳ ಹಾಡುಗಳು. ಇವನ್ನು ಸ್ವರವಚನಗಳೆಂದು ಕರೆಯುವುದು ವಾಡಿಕೆ. ಅಕ್ಕನದಷ್ಟೇ ಅಲ್ಲದೆ ಬಸವಣ್ಣ, ಚೆನ್ನಬಸವಣ್ಣ ಮೊದಲಾದ ಇತರ ಶರಣರ ಅಂಕಿತಗಳಲ್ಲಿಯೂ ಸ್ವರವಚನಗಳು ದೊರೆಯುತ್ತವೆ. ವಚನಗಳ ಕುರಿತು ನಡೆದಿರುವ ಚರ್ಚೆಗೆ ಹೋಲಿಸಿದರೆ ಸ್ವರವಚನಗಳ ಕಾಲ ಮತ್ತು ಕರ್ತೃತ್ವ ಕುರಿತ ಚರ್ಚೆ ಕಡಿಮೆಯೇ. ಅವುಗಳ ಬಗೆಗೆ ಸಾಮಾನ್ಯವಾಗಿ ಎರಡು ನಿಲುವುಗಳು ಕಾಣುತ್ತವೆ. ಅಂಕಿತವಿರುವುದರಿಂದ ಅವು ಹನ್ನೆರಡನೆಯ ಶತಮಾನದವೇ ಎಂದು ಒಪ್ಪಿಕೊಳ್ಳುವುದು ಒಂದು. ರಾಗ-ತಾಳಗಳ ಹೆಸರು ಈಚಿನವಾಗಿ ತೋರುವುದರಿಂದ ಅವೆಲ್ಲವೂ ನಂತರದ ಕಾಲದವು ಎಂದು ಬದಿಗಿರಿಸುವುದು ಮತ್ತೊಂದು. ಈ ಎರಡು ನಿಲುವುಗಳೂ ಪ್ರಮಾಣಗಳನ್ನು ತಪ್ಪು ಸ್ಥಾನದಲ್ಲಿ ಬಳಸುತ್ತವೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಮೂರು ಕಾಲಗಳು

ಹಾಡಿನ ಕಾಲವನ್ನು ಕುರಿತು ಮಾತನಾಡುವಾಗ ನಾವು ಮೂರು ಭಿನ್ನ ಕಾಲಗಳನ್ನು ಒಂದೇ ಮಾತಿನಲ್ಲಿ ಬೆರೆಸುತ್ತೇವೆ. ರಚನೆಯ ಕಾಲ ಮೊದಲನೆಯದು. ಪದಗಳು ಮೊದಲ ಬಾರಿಗೆ ಒಂದು ಬಂಧದಲ್ಲಿ ಕೂಡಿದ ಕಾಲವದು. ಗಾಯನದ ಕಾಲ ಎರಡನೆಯದು. ಒಂದು ಸಂಪ್ರದಾಯವು ಆ ಪದಗಳನ್ನು ತನಗೆ ತಿಳಿದ ರಾಗ-ತಾಳಗಳಲ್ಲಿ ನೆಲೆಗೊಳಿಸಿದ ಕಾಲ. ಬರಹದ ಕಾಲ ಮೂರನೆಯದು. ಲಿಪಿಕಾರನು ತನ್ನೆದುರಿನ ಮಾತೃಕೆಯನ್ನೋ ತಾನು ಕೇಳಿದ ಹಾಡನ್ನೋ ಓಲೆಗೆ ಇಳಿಸಿದ ಕಾಲ. ಕುಬ್ಜನ ಶಾಸನದಲ್ಲಿ ರಚನೆಯ ಕಾಲ ಮತ್ತು ಬರಹದ ಕಾಲಗಳು ಒಂದೇ. ಸ್ವರವಚನಗಳಲ್ಲಿ ಇವುಗಳ ನಡುವೆ ಶತಮಾನಗಳ ಅಂತರವಿರಬಹುದು. ಆದ್ದರಿಂದ ಪಠ್ಯದ ಪ್ರತಿಯೊಂದು ಲಕ್ಷಣದ ಮುಂದೆಯೂ ಇದು ಯಾವ ಕಾಲಕ್ಕೆ ಸಾಕ್ಷಿ ಎಂಬ ಪ್ರಶ್ನೆಯನ್ನು ಪ್ರತ್ಯೇಕವಾಗಿ ಇಡಬೇಕಾಗುತ್ತದೆ.

ಇದು ಕನ್ನಡಕ್ಕೆ ಮಾತ್ರ ಸೀಮಿತವಾದ ಸಮಸ್ಯೆಯಲ್ಲ. ಪಾಶ್ಚಾತ್ಯ ಸಂಗೀತ ಚರಿತ್ರೆಯಲ್ಲಿಯೂ ಇದಕ್ಕೆ ಸಮೀಪವಾದ ಒಂದು ಪ್ರಸಿದ್ಧ ನಿದರ್ಶನವಿದೆ. ಇಟಲಿಯಲ್ಲಿ ಹುಟ್ಟಿ ಸ್ಪೇನಿನ ರಾಜಾಶ್ರಯದಲ್ಲಿ ಬಾಳಿದ ದೊಮೆನಿಕೊ ಸ್ಕಾರ್ಲಾಟಿಯು (1685-1757) ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆ ವಾದ್ಯಕ್ಕಾಗಿ ಐದುನೂರೈವತ್ತಕ್ಕೂ ಹೆಚ್ಚು ಸೊನಾಟಾಗಳನ್ನು ರಚಿಸಿದನು. ಅವುಗಳಲ್ಲಿ ಮೂವತ್ತು ಮಾತ್ರ ಅಭ್ಯಾಸಗಳು ಎಂಬ ಅರ್ಥದ ಹೆಸರಿನಲ್ಲಿ 1738ರಲ್ಲಿ ಅವನ ಕಣ್ಣೆದುರಿಗೇ ಮುದ್ರಣಗೊಂಡವು. ಉಳಿದವುಗಳಿಗೆ ಕರ್ತೃವಿನ ಸ್ವಹಸ್ತಾಕ್ಷರದ ಪ್ರತಿಗಳು ದೊರೆತಿಲ್ಲ. ರಾಣಿ ಮರಿಯಾ ಬಾರ್ಬರಾಳಿಗಾಗಿ 1742ರಿಂದ 1757ರ ನಡುವೆ ಸಿದ್ಧಗೊಂಡ, ಈಗ ವೆನಿಸ್ಸಿನಲ್ಲಿರುವ ಹದಿನೈದು ಸಂಪುಟಗಳೂ ಪಾರ್ಮಾದಲ್ಲಿರುವ ಸಂಪುಟಗಳೂ ಅವುಗಳ ಮುಖ್ಯ ಆಕರಗಳು. ರಾಲ್ಫ್ ಕರ್ಕ್‌ಪ್ಯಾಟ್ರಿಕ್ ಎಂಬ ವಿದ್ವಾಂಸನು 1953ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಪ್ರತಿಗಳ ಕ್ರಮವೇ ಬಹುಮಟ್ಟಿಗೆ ರಚನೆಯ ಕ್ರಮವೆಂದು ಭಾವಿಸಿ, ಹೆಚ್ಚಿನ ಸೊನಾಟಾಗಳು ಕರ್ತೃವಿನ ಕೊನೆಯ ವರ್ಷಗಳವೆಂದು ವಾದಿಸಿದನು. ನಂತರದ ವಿದ್ವಾಂಸರು ಈ ವಾದವನ್ನು ಪ್ರಶ್ನಿಸಿದರು. ಪ್ರತಿ ಮಾಡಿದ ವರ್ಷವು ಕೃತಿಯು ಆ ವರ್ಷಕ್ಕೆ ಮುನ್ನವೇ ಇತ್ತೆಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಮುನ್ನ ಎಂಬುದನ್ನು ಹೇಳುವುದಿಲ್ಲ ಎಂಬುದು ಅವರ ಆಕ್ಷೇಪದ ತಿರುಳು. ಕರ್ತೃವಿನ ಜೀವಿತಕಾಲದಲ್ಲಿಯೇ, ಅವನ ಆಶ್ರಯದಾತೆಗಾಗಿಯೇ ಸಿದ್ಧವಾದ ಪ್ರತಿಗಳ ವಿಷಯದಲ್ಲಿಯೂ ಇಷ್ಟು ಎಚ್ಚರ ಅಗತ್ಯವಾದರೆ, ಶತಮಾನಗಳ ನಂತರದ ಓಲೆಗಳನ್ನು ಆಧರಿಸುವ ನಮಗೆ ಇದಕ್ಕಿಂತ ಹೆಚ್ಚಿನ ಎಚ್ಚರ ಬೇಕಾಗುತ್ತದೆ.

3. ಹನ್ನೆರಡನೆಯ ಶತಮಾನದ ಸಂಗೀತ ಪರಿಸರ

ಅಕ್ಕನ ಕಾಲದಲ್ಲಿ ಹಾಡಿನ ಪರಂಪರೆ ಇತ್ತೇ ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಗೀತ, ವಾದ್ಯ, ನೃತ್ಯಗಳಿಗೆ ಪ್ರತ್ಯೇಕ ವಿನೋದಗಳೇ ಮೀಸಲಾಗಿವೆ. ಕಥೆಯ ಗಾಯನಕ್ಕೆ ಷಟ್ಪದಿ ಎಂದೂ ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿಯನ್ನು ಹಾಡುತ್ತಾರೆಂದೂ ಆ ಗ್ರಂಥ ಹೇಳುತ್ತದೆ. ತ್ರಿಪದಿಯೂ ಅದರ ಪ್ರಬಂಧಗಳಲ್ಲಿ ಸೇರಿದೆ. ಅವನ ಮಗ ಇಮ್ಮಡಿ ಜಗದೇಕಮಲ್ಲನು ಸಂಗೀತಚೂಡಾಮಣಿಯನ್ನು ರಚಿಸಿದನು. ಹದಿಮೂರನೆಯ ಶತಮಾನದಲ್ಲಿ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನ ಸಂಗೀತರತ್ನಾಕರವು ಕರ್ಣಾಟ ಭಾಷೆಯ ಏಲಾ ಪ್ರಬಂಧವನ್ನು ಹೆಸರಿಸುತ್ತದೆ. ಇವೆಲ್ಲ ಶರಣರ ಕಾರ್ಯಕ್ಷೇತ್ರದ ಒಳಗೆ ಅಥವಾ ನೆರೆಯಲ್ಲಿ, ಅವರ ಕಾಲಕ್ಕೆ ತೀರ ಸಮೀಪವಾಗಿ ಹುಟ್ಟಿದ ಗ್ರಂಥಗಳೆಂಬುದು ಗಮನಾರ್ಹ.

ಸ್ಥಳೀಯ ಪರಿಸರವೂ ಇದನ್ನು ಬೆಂಬಲಿಸುತ್ತದೆ. ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಮಠದ 1162ರ ಶಾಸನವು ಆ ಮಠವನ್ನು ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕಗಳ ಅಧ್ಯಯನದ ನೆಲೆಯೆಂದು ವರ್ಣಿಸುತ್ತದೆ. ಹರಿಹರನ ಪ್ರಭುದೇವರ ರಗಳೆಯಲ್ಲಿ ಬಳ್ಳಿಗಾವಿಯ ಅಲ್ಲಮನು ಮದ್ದಳೆಯ ವಾದಕನಾಗಿ ಕಾಣಿಸಿಕೊಳ್ಳುತ್ತಾನೆ. ಬಸವಣ್ಣನ ಪ್ರಸಿದ್ಧ ವಚನವೊಂದು ದೇಹವನ್ನೇ ತಂತಿವಾದ್ಯವಾಗಿ ರೂಪಿಸಿ, ದಂಡಿಗೆ, ಸೋರೆ, ತಂತಿಗಳೊಡನೆ ಮೂವತ್ತೆರಡು ರಾಗಗಳನ್ನೂ ನೆನೆಯುತ್ತದೆ. ಹರಿಹರನ ರಗಳೆಗಳಲ್ಲಿ ಶರಣರು ಗೀತಗಳನ್ನು ಹಾಡುವ ಸನ್ನಿವೇಶಗಳು ಬರುತ್ತವೆ. ಹೀಗಿರುವಾಗ ವಚನಕಾರರು ಹಾಡಿರಲಾರರು, ಆದ್ದರಿಂದ ಹಾಡುಗಳೆಲ್ಲ ಪ್ರಕ್ಷಿಪ್ತ ಎಂಬ ವಾದಕ್ಕೆ ಆಧಾರವಿಲ್ಲ.

ಆದರೆ ಹಾಡಿನ ಪರಂಪರೆ ಇತ್ತೆಂಬುದು ಇಂದು ನಮ್ಮ ಕೈಯಲ್ಲಿರುವ ಇಂಥದೇ ಹಾಡು ಆ ಕಾಲದ್ದೆಂಬುದಕ್ಕೆ ಪ್ರಮಾಣವಾಗುವುದಿಲ್ಲ. ಪರಿಸರದ ಸಾಕ್ಷ್ಯವು ಸಾಧ್ಯತೆಯನ್ನು ತೋರಿಸಬಲ್ಲದು. ನಿರ್ದಿಷ್ಟ ರಚನೆಯನ್ನು ಆ ಪರಿಸರಕ್ಕೆ ಕಟ್ಟಿಹಾಕಬೇಕಾದರೆ ಪಠ್ಯದ ಒಳಗಿನ ಸಾಕ್ಷ್ಯವೇ ಬೇಕು.

4. ರಾಗ-ತಾಳಗಳ ತಲೆಬರಹ

ಸ್ವರವಚನಗಳಲ್ಲಿ ಓದುಗನ ಗಮನವನ್ನು ಮೊದಲು ಸೆಳೆಯುವುದು ಅವುಗಳ ನೆತ್ತಿಯ ಮೇಲಿರುವ ರಾಗ-ತಾಳಗಳ ಹೆಸರು. ಅವು ಈಚಿನವು ಎನ್ನುವವರೂ ಪ್ರಾಚೀನವಾದವು ಎನ್ನುವವರೂ ಈ ತಲೆಬರಹವನ್ನೇ ಹಿಡಿಯುತ್ತಾರೆ. ಇದರ ಪ್ರಮಾಣಶಕ್ತಿ ಎಷ್ಟೆಂಬುದನ್ನು ಮೂರು ನಿದರ್ಶನಗಳಿಂದ ಪರೀಕ್ಷಿಸಬಹುದು.

ಪುರಂದರದಾಸರದು ಮೊದಲನೆಯ ನಿದರ್ಶನ. ಅವರು ರಕ್ತಾಕ್ಷಿ ಸಂವತ್ಸರದ ಪುಷ್ಯ ಬಹುಳ ಅಮಾವಾಸ್ಯೆಯಂದು ತೀರಿಕೊಂಡರೆಂಬುದು ಸಂಪ್ರದಾಯ. ಇದನ್ನು ಸಾಮಾನ್ಯವಾಗಿ 1564 ಎಂದು ಬರೆಯುತ್ತೇವೆ. ಶಕವರ್ಷ 1486ರ ಪುಷ್ಯಮಾಸದ ಕೊನೆಯು ವಾಸ್ತವವಾಗಿ 1565ರ ಜನವರಿಯ ಆರಂಭಕ್ಕೆ ಬರುತ್ತದೆ. ಸಂಗೀತದ ಆರಂಭಿಕ ಪಾಠಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಅವರೇ ಅಳವಡಿಸಿದರೆಂದು ಸಂಗೀತ ಪರಂಪರೆ ನಂಬುತ್ತದೆ. ಅವರ ಸಮಕಾಲೀನನಾದ ರಾಮಾಮಾತ್ಯನು 1550ರಲ್ಲಿ ರಚಿಸಿದ ಸ್ವರಮೇಳಕಲಾನಿಧಿಯಲ್ಲಿ ಈ ರಾಗ ಮಾಳವಗೌಳ ಎಂಬ ಹೆಸರಿನಲ್ಲಿದೆ. ಮಾಯಾ ಎಂಬ ಪೂರ್ವಪದವು ಕಟಪಯಾದಿ ಸಂಖ್ಯಾಕ್ರಮದಂತೆ ಹದಿನೈದು ಎಂಬ ಮೇಳಸಂಖ್ಯೆಯನ್ನು ಸೂಚಿಸಲು ಬಂದದ್ದು. ಈ ಎಣಿಕೆಯು ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿಯು ಎಪ್ಪತ್ತೆರಡು ಮೇಳಗಳನ್ನು ಪ್ರತಿಪಾದಿಸಿದ ನಂತರದ್ದು. ಅಂದರೆ ಪುರಂದರದಾಸರ ಪಾಠದ ಮೇಲೆ ಮಾಯಾಮಾಳವಗೌಳ ಎಂದು ಬರೆದಿರುವುದು ಪಾಠವನ್ನು ಹದಿನೇಳನೆಯ ಶತಮಾನದ ಈಚೆಗೆ ತರುವುದಿಲ್ಲ. ಆ ಹೆಸರನ್ನು ಬರೆದ ಕೈ ಮಾತ್ರ ಆ ಕಾಲದ ಈಚಿನದೆಂದು ತಿಳಿಸುತ್ತದೆ.

ಎರಡನೆಯ ನಿದರ್ಶನವು ನಮ್ಮ ಕಾಲಕ್ಕೆ ಸಮೀಪದ್ದು. ಇಪ್ಪತ್ತನೆಯ ಶತಮಾನದಲ್ಲಿ ಮಲ್ಲಿಕಾರ್ಜುನ ಮನ್ಸೂರರು (1910-1992) ಅಕ್ಕಮಹಾದೇವಿಯ ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿ ಮನೆಮಾತಾಗಿಸಿದರು. ಯಾವ ಪ್ರಾಚೀನ ಪ್ರತಿಯೂ ಆ ವಚನಗಳಿಗೆ ಆ ರಾಗಗಳನ್ನು ಸೂಚಿಸಿದ್ದರಿಂದ ಹಾಗೆ ಹಾಡಿದ್ದಲ್ಲ. ಗಾಯಕರ ರಸದೃಷ್ಟಿ ಅವನ್ನು ಕಂಡುಕೊಂಡಿತು. ಮುಂದೊಂದು ಕಾಲದಲ್ಲಿ ಅವನ್ನು ಯಾರಾದರೂ ಸ್ವರಲಿಪಿಯೊಡನೆ ಬರೆದಿಟ್ಟರೆ, ತಲೆಬರಹ ಇಪ್ಪತ್ತನೆಯ ಶತಮಾನದ್ದು, ಪಠ್ಯ ಹನ್ನೆರಡನೆಯದು ಎಂಬ ಸ್ಥಿತಿ ಉಂಟಾಗುತ್ತದೆ. ಆಗ ತಲೆಬರಹವನ್ನು ನೋಡಿ ಪಠ್ಯವನ್ನು ಈಚಿನದೆನ್ನುವುದೂ, ಪಠ್ಯವನ್ನು ನೋಡಿ ಆ ರಾಗವನ್ನು ಅಕ್ಕನೇ ಹಾಡಿದ್ದಳೆನ್ನುವುದೂ ಸಮಾನವಾದ ತಪ್ಪುಗಳೇ. ನಡುಗಾಲದ ಮಠ ಮತ್ತು ಭಜನೆಯ ಪರಂಪರೆಗಳಲ್ಲಿ ಇದೇ ಕ್ರಿಯೆ ನಡೆದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.

ಮೂರನೆಯ ನಿದರ್ಶನ ತಾಳಗಳದು. ಸಂಗೀತರತ್ನಾಕರವು ಸಾಲಗಸೂಡದಲ್ಲಿ ಧ್ರುವ, ಮಂಠ, ಪ್ರತಿಮಂಠ, ನಿಸ್ಸಾರು, ಅಡ್ಡತಾಲ, ರಾಸ, ಏಕತಾಲೀ ಎಂಬ ಏಳನ್ನು ಹೇಳುತ್ತದೆ. ನಂತರದ ಸುಳಾದಿ ಪರಂಪರೆಯಲ್ಲಿ ನೆಲೆಗೊಂಡದ್ದು ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು. ಸ್ವರವಚನದ ಮೇಲೆ ಎರಡನೆಯ ಗುಂಪಿನ ವ್ಯವಸ್ಥೆ ಸ್ಪಷ್ಟವಾಗಿ ಕಂಡರೆ, ಆ ಹಾಡನ್ನು ನಿರ್ದೇಶಿಸಿದವರು ಸುಳಾದಿ ತಾಳಗಳನ್ನು ಬಲ್ಲವರೆಂದು ಹೇಳಬಹುದು. ಇಲ್ಲಿಯೂ ಸಾಕ್ಷ್ಯವು ಗಾಯನದ ಕಾಲವನ್ನು ಮುಟ್ಟುತ್ತದೆ. ರಚನೆಯ ಕಾಲದವರೆಗೆ ಹೋಗುವುದಿಲ್ಲ.

ರಾಗದ ಹೆಸರು ಪ್ರಾಚೀನವಾಗಿದ್ದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಭೈರವಿಯಂತಹ ಹೆಸರುಗಳು ಸಂಗೀತರತ್ನಾಕರದಲ್ಲಿಯೇ ಇವೆ. ಆದರೆ ಹೆಸರು ಉಳಿದ ಮಾತ್ರಕ್ಕೆ ರಾಗದ ಸ್ವರೂಪವೂ ಹಾಗೆಯೇ ಉಳಿಯಿತೆಂದು ಭಾವಿಸಲಾಗದು. ಹಳೆಯ ಹೆಸರನ್ನು ಹೊಸಬನೂ ಬರೆಯಬಲ್ಲ. ಇದಕ್ಕೆ ವಿರುದ್ಧವಾಗಿ ಹುಸೇನಿ, ನವರೋಜು ಮೊದಲಾದ ಪಾರಸಿ-ಅರಬ್ಬಿ ಮೂಲದ ರಾಗನಾಮಗಳು ತಲೆಬರಹದಲ್ಲಿದ್ದರೆ ಆ ತಲೆಬರಹವು ಹನ್ನೆರಡನೆಯ ಶತಮಾನದ್ದಾಗಿರದು. ಹೀಗೆ ರಾಗನಾಮದಿಂದ ದೊರೆಯುವುದು ತಲೆಬರಹದ ಪೂರ್ವಮಿತಿ ಮಾತ್ರ.

5. ಬಂಧ ಮತ್ತು ಛಂದಸ್ಸು

ತಲೆಬರಹವನ್ನು ಬದಿಗಿಟ್ಟು ಹಾಡಿನ ಮೈಯನ್ನು ನೋಡಿದಾಗ ಮೊದಲು ಎದುರಾಗುವುದು ಪಲ್ಲವಿಯ ಪ್ರಶ್ನೆ. ಪಲ್ಲವಿ ಇರುವುದರಿಂದ ಹಾಡು ದಾಸಸಾಹಿತ್ಯದ ನಂತರದ್ದೆಂಬ ಮಾತು ಆಗಾಗ ಕೇಳಿಬರುತ್ತದೆ. ಇದನ್ನು ಹಾಗೆಯೇ ಒಪ್ಪಲಾಗದು. ಪ್ರಾಚೀನ ಪ್ರಬಂಧಗಳಲ್ಲಿ ಉದ್ಗ್ರಾಹ, ಮೇಲಾಪಕ, ಧ್ರುವ, ಆಭೋಗ ಎಂಬ ಧಾತುಗಳಿದ್ದು, ಅವುಗಳಲ್ಲಿ ಧ್ರುವವು ಮರಳಿ ಮರಳಿ ಹಾಡುವ ಭಾಗ. ಆದ್ದರಿಂದ ಪುನರಾವರ್ತನೆಯಾಗುವ ಸಾಲು ಹನ್ನೆರಡನೆಯ ಶತಮಾನಕ್ಕೆ ಅಸಹಜವಲ್ಲ. ಪಲ್ಲವಿ, ಅನುಪಲ್ಲವಿ, ಚರಣಗಳೆಂಬ ಮೂರು ಭಾಗಗಳ ಸ್ಥಿರ ವಿನ್ಯಾಸ ಮತ್ತು ಅವುಗಳ ಹೆಸರಿನ ನಮೂದು ಮಾತ್ರ ಹದಿನೈದನೆಯ ಶತಮಾನದಿಂದೀಚಿನ ಕೀರ್ತನ ಪರಂಪರೆಯನ್ನು ನೆನಪಿಸುತ್ತದೆ. ಪಲ್ಲವಿಯ ಸಾಲು ಪ್ರತಿ ಚರಣದ ವಾಕ್ಯರಚನೆಗೆ ಅನಿವಾರ್ಯವಾದ ಅಂಗವಾಗಿದೆಯೋ ಅಥವಾ ಹೊರಗಿನಿಂದ ಜೋಡಿಸಿದಂತಿದೆಯೋ ಎಂಬುದನ್ನು ಪ್ರತಿ ಹಾಡಿನಲ್ಲಿಯೂ ಪ್ರತ್ಯೇಕವಾಗಿ ನೋಡಬೇಕು. ಎರಡನೆಯ ಬಗೆಯಲ್ಲಿ ಮೊದಲೇ ಇದ್ದ ಪಠ್ಯವೊಂದನ್ನು ಹಾಡಿಗೆ ಹೊಂದಿಸಿರುವ ಸಾಧ್ಯತೆ ಹೆಚ್ಚು.

ಗಣವಿನ್ಯಾಸವು ಇದಕ್ಕಿಂತ ಉಪಯುಕ್ತವಾದ ಅಳತೆಗೋಲು. ನಾಗವರ್ಮನ ಛಂದೋಂಬುಧಿಯು ಕರ್ಣಾಟ ವಿಷಯಜಾತಿಗಳೆಂದು ಹೇಳುವ ತ್ರಿಪದಿ, ಏಳೆ, ಅಕ್ಕರ, ಗೀತಿಕೆ ಮೊದಲಾದವು ಬ್ರಹ್ಮ, ವಿಷ್ಣು, ರುದ್ರ ಎಂಬ ಅಂಶಗಣಗಳಿಂದ ಕೂಡಿದವು. ಕಾಲಕ್ರಮದಲ್ಲಿ ಕನ್ನಡದ ಹಾಡುಗಬ್ಬಗಳು ಅಂಶಗಣದ ಸಡಿಲ ಲಯದಿಂದ ಮಾತ್ರಾಗಣದ ಎಣಿಕೆಗೆ ಹೊರಳಿದವು. ಸ್ವರವಚನವೊಂದರ ಚರಣಗಳು ಆದಿಯಿಂದ ಅಂತ್ಯದವರೆಗೆ ಮೂರು-ನಾಲ್ಕು ಮಾತ್ರೆಗಳ ಕಟ್ಟುನಿಟ್ಟಿನ ಆವರ್ತನದಲ್ಲಿ ನಡೆದರೆ ಅದು ನಂತರದ ರಚನೆಯಾಗಿರುವ ಸಂಭವ ಹೆಚ್ಚು. ಅಂಶಲಯದ ಹಿಗ್ಗು-ಕುಗ್ಗುಗಳು ಉಳಿದಿದ್ದರೆ ಅದನ್ನು ಎಚ್ಚರದಿಂದ ಪರಿಶೀಲಿಸಬೇಕು.

ಆದರೆ ಇಲ್ಲಿ ಒಂದು ಮಿತಿಯನ್ನು ಮರೆಯಬಾರದು. ಪ್ರಾಚೀನ ರೂಪವೇ ಪ್ರಾಚೀನ ಕಾಲಕ್ಕೆ ಪ್ರಮಾಣವಲ್ಲ. ಯೋಗಾಂಗ ತ್ರಿವಿಧಿಯನ್ನೇ ತೆಗೆದುಕೊಂಡರೆ, ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಕಾಣುವ ತ್ರಿಪದಿಯು ಅಕ್ಕನ ಕಾಲಕ್ಕೆ ಬಳಕೆಯಲ್ಲಿತ್ತೆಂಬುದರಲ್ಲಿ ಸಂಶಯವಿಲ್ಲ. ಅದೇ ತ್ರಿಪದಿ ಸರ್ವಜ್ಞನಲ್ಲಿಯೂ ಬೀಸುಕಲ್ಲಿನ ಪದಗಳಲ್ಲಿಯೂ ಮುಂದುವರಿದು ಬಂದಿದೆ. ಆದ್ದರಿಂದ ತ್ರಿಪದಿಯ ರೂಪವು ಅಕ್ಕನ ಕರ್ತೃತ್ವಕ್ಕೆ ಅಡ್ಡಿಯಲ್ಲ, ಆಧಾರವೂ ಅಲ್ಲ.

6. ಭಾಷೆ ಮತ್ತು ಪ್ರಾಸಸ್ಥಾನ

ಮೌಖಿಕವಾಗಿ ಸಾಗಿಬಂದ ಪಠ್ಯದ ಭಾಷೆಯನ್ನು ಪ್ರತಿ ತಲೆಮಾರೂ ತನ್ನ ನುಡಿಗೆ ಹೊಂದಿಸಿಕೊಳ್ಳುತ್ತದೆ. ಪಕಾರವು ಹಕಾರವಾಗುವುದು, ವಿಭಕ್ತಿ ಪ್ರತ್ಯಯಗಳು ಬದಲಾಗುವುದು, ವ್ಯಂಜನಾಂತ ಪದಗಳಿಗೆ ಸ್ವರ ಸೇರುವುದು ಇವೆಲ್ಲ ಪ್ರತಿಕಾರನ ಕೈಯಲ್ಲಿಯೂ ಹಾಡುಗಾರನ ನಾಲಗೆಯಲ್ಲಿಯೂ ನಡೆಯಬಲ್ಲವು. ಆದ್ದರಿಂದ ಭಾಷೆ ಈಚಿನದಾಗಿ ತೋರಿದ ಮಾತ್ರಕ್ಕೆ ರಚನೆ ಈಚಿನದೆನ್ನುವಂತಿಲ್ಲ.

ಆದರೆ ಸುಲಭವಾಗಿ ಬದಲಾಯಿಸಲಾಗದ ಒಂದು ಸ್ಥಾನ ಹಾಡಿನಲ್ಲಿದೆ; ಅದು ಪ್ರಾಸಸ್ಥಾನ. ಸಾಲಿನ ಎರಡನೆಯ ಅಕ್ಷರವು ಉಳಿದ ಸಾಲುಗಳ ಎರಡನೆಯ ಅಕ್ಷರದೊಡನೆ ಹೊಂದಬೇಕಾಗಿರುವುದರಿಂದ ಅಲ್ಲಿಯ ವ್ಯಂಜನವನ್ನು ಬದಲಾಯಿಸಿದರೆ ಬಂಧವೇ ಸಡಿಲಗೊಳ್ಳುತ್ತದೆ. ಬದುಕು ಎಂಬ ಅರ್ಥದ ಬಾೞ್ ಎಂಬುದರಲ್ಲಿ ಮೂಲತಃ ೞಕಾರವಿದೆ. ದಿನ ಎಂಬ ಅರ್ಥದ ನಾಳ್ ಎಂಬುದರಲ್ಲಿ ಳಕಾರವಿದೆ. ಇವೆರಡು ಒಂದೇ ಪ್ರಾಸದಲ್ಲಿ ಬಂದರೆ ಆ ರಚನಕಾರನ ಕಿವಿಗೆ ಇವುಗಳ ಭೇದ ಅಳಿದಿತ್ತೆಂದಾಗುತ್ತದೆ. ಈ ಪರೀಕ್ಷೆ ಒಮ್ಮುಖವಾದುದೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಹದಿಮೂರನೆಯ ಶತಮಾನದ ಕೇಶಿರಾಜನು ೞಕಾರವುಳ್ಳ ಪದಗಳನ್ನು ಪಟ್ಟಿಮಾಡಿ ತೋರಿಸಬೇಕಾಗಿ ಬಂದುದೇ ಆ ವೇಳೆಗೆ ಭೇದ ಮಸುಕಾಗಿತ್ತೆಂಬುದಕ್ಕೆ ಸಾಕ್ಷಿ. ಪಂಡಿತರ ಕಾವ್ಯಭಾಷೆಗಿಂತ ಆಡುಮಾತಿಗೆ ಸಮೀಪವಾದ ಶರಣರ ನುಡಿಯಲ್ಲಿ ಅದು ಇನ್ನೂ ಮೊದಲೇ ಅಳಿದಿರಬಹುದು. ಹೀಗಾಗಿ ೞ-ಳ ಮಿಶ್ರಣವು ಅಕ್ಕನ ಕಾಲವನ್ನು ನಿರಾಕರಿಸುವುದಿಲ್ಲ. ಆದರೆ ದೀರ್ಘವಾದ ಹಾಡೊಂದರಲ್ಲಿ ಈ ಭೇದವು ತಪ್ಪದೆ ಉಳಿದುಬಂದಿದ್ದರೆ ಅದು ಪ್ರಾಚೀನತೆಯ ಪರವಾದ ಬಲವಾದ ಸೂಚನೆಯಾಗುತ್ತದೆ.

ಅನ್ಯದೇಶ್ಯ ಪದಗಳ ವಿಷಯವೂ ಇಂಥದೇ. ಪಾರಸಿ-ಅರಬ್ಬಿ ಮೂಲದ ಆಡಳಿತ ಪದವೊಂದು ಹಾಡಿನಲ್ಲಿ ಬಂದರೆ ಆ ಸಾಲು ಹನ್ನೆರಡನೆಯ ಶತಮಾನದ್ದಲ್ಲವೆಂದು ಹೇಳಬಹುದು. ಇಡೀ ಹಾಡನ್ನು ಕೈಬಿಡುವ ಮೊದಲು ಆ ಪದವು ಪ್ರಾಸಸ್ಥಾನದಲ್ಲಿದೆಯೇ, ಛಂದಸ್ಸು ಕೆಡದಂತೆ ಅದನ್ನು ಬೇರೊಂದು ಪದದ ಬದಲಿಗೆ ತಂದಿರಬಹುದೇ, ಇತರ ಪ್ರತಿಗಳಲ್ಲಿ ಪಾಠಾಂತರವಿದೆಯೇ ಎಂದು ನೋಡಬೇಕಾಗುತ್ತದೆ.

7. ಅಂಕಿತ ಮತ್ತು ಪರಿಭಾಷೆ

ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತವು ಕರ್ತೃತ್ವದ ಪ್ರಮಾಣವೆಂದು ನಾವು ಸಹಜವಾಗಿ ಒಪ್ಪಿಕೊಳ್ಳುತ್ತೇವೆ. ಅಂಕಿತವು ಪರಂಪರೆಯು ಹಾಡನ್ನು ಯಾರದೆಂದು ತಿಳಿದಿತ್ತೆಂಬುದನ್ನು ಹೇಳುತ್ತದೆ; ಕಾಲವನ್ನು ಹೇಳುವುದಿಲ್ಲ. ಆದರೂ ಅಂಕಿತದ ಬಳಕೆಯ ರೀತಿಯನ್ನು ಗಮನಿಸುವುದು ಪ್ರಯೋಜನಕರ. ಅಕ್ಕನ ಗದ್ಯ ವಚನಗಳಲ್ಲಿ ಚೆನ್ನಮಲ್ಲಿಕಾರ್ಜುನನು ಕೊನೆಗೆ ಒತ್ತಿದ ಮುದ್ರೆಯಷ್ಟೇ ಅಲ್ಲ; ಅನೇಕ ಕಡೆ ಆತನೇ ಮಾತಿನ ಕೇಳುಗ, ಪತಿ, ವಿರಹಕ್ಕೆ ಕಾರಣ. ಸಂಬೋಧನೆಯನ್ನು ತೆಗೆದರೆ ವಾಕ್ಯದ ಅರ್ಥವೇ ನಿಲ್ಲುವುದಿಲ್ಲ. ಸ್ವರವಚನಗಳಲ್ಲಿ ಅಂಕಿತವು ಹೀಗೆ ಅರ್ಥದ ಒಳಗೆ ಕೂಡಿದೆಯೋ, ಕೊನೆಯ ಚರಣದಲ್ಲಿ ವಾಡಿಕೆಗಾಗಿ ಬಂದಿದೆಯೋ ಎಂಬುದನ್ನು ವಿಂಗಡಿಸಬಹುದು. ಇದು ಶೈಲಿಯ ಪರೀಕ್ಷೆಯಾದ್ದರಿಂದ ಒಂಟಿಯಾಗಿ ನಿಲ್ಲಲಾರದು. ಇತರ ಸಾಕ್ಷ್ಯಗಳಿಗೆ ಪೂರಕವಾಗಬಲ್ಲದು.

ಪರಿಭಾಷೆಯನ್ನೂ ಇದರೊಡನೆ ಪರಿಶೀಲಿಸಬೇಕು. ಹದಿನೈದನೆಯ ಶತಮಾನದಲ್ಲಿ, ವಿಶೇಷವಾಗಿ ಪ್ರೌಢದೇವರಾಯನ ಆಳಿಕೆಯಲ್ಲಿ (1424-1446), ವಚನಗಳ ಸಂಗ್ರಹ, ಸಂಪಾದನೆ, ವ್ಯಾಖ್ಯಾನಗಳು ವ್ಯಾಪಕವಾಗಿ ನಡೆದವು. ಲಕ್ಕಣ್ಣ ದಂಡೇಶನ ಶಿವತತ್ತ್ವಚಿಂತಾಮಣಿ, ಜಕ್ಕಣಾರ್ಯನ ಏಕೋತ್ತರ ಶತಸ್ಥಲ, ಶಿವಗಣಪ್ರಸಾದಿ ಮಹಾದೇವಯ್ಯನ ಶೂನ್ಯಸಂಪಾದನೆ ಇವು ಆ ಶತಮಾನದ ಫಲಗಳು. ಷಟ್‌ಸ್ಥಲದ ಕಲ್ಪನೆ ಶರಣರದೇ ಆದರೂ ಅದರ ನೂರೊಂದು ಸ್ಥಲಗಳ ಸೂಕ್ಷ್ಮ ವಿಂಗಡಣೆ ಈ ಕಾಲದಲ್ಲಿ ವ್ಯವಸ್ಥಿತಗೊಂಡಿತು. ಅಂಥ ವಿಂಗಡಣೆಯನ್ನೇ ಪಟ್ಟಿಯಾಗಿ ಹಾಡುವ ಸ್ವರವಚನವು ಉಡುತಡಿಯ ಅನುಭಾವಿಯ ನುಡಿಗಿಂತ ವಿಜಯನಗರ ಕಾಲದ ಮಠದ ಪಾಠಕ್ರಮಕ್ಕೆ ಹತ್ತಿರವಾಗಿರುತ್ತದೆ. ಇದೇ ಹಿನ್ನೆಲೆಯಲ್ಲಿ ನಿಜಗುಣ ಶಿವಯೋಗಿಯ ಕೈವಲ್ಯಪದ್ಧತಿಯು ರಾಗಬದ್ಧ ಪದಗಳಲ್ಲಿ ತತ್ತ್ವವನ್ನು ನಿರೂಪಿಸಿದ್ದನ್ನೂ ನೆನೆಯಬಹುದು. ಸ್ವರವಚನಗಳನ್ನು ವಚನಗಳೊಡನೆ ಮಾತ್ರ ಹೋಲಿಸದೆ ಈ ತತ್ತ್ವಪದಗಳೊಡನೆಯೂ ಹೋಲಿಸಿದಾಗಲೇ ಅವುಗಳ ನಿಜವಾದ ನೆಲೆ ತಿಳಿಯುವುದು.

ಪರಂಪರೆಯು ಅಕ್ಕನನ್ನು ಕಾಲದಿಂದ ಕಾಲಕ್ಕೆ ಮರುರೂಪಿಸಿದೆ ಎಂಬುದಕ್ಕೆ ಆಕೆಯ ಚರಿತ್ರೆಯೇ ನಿದರ್ಶನ. ಹರಿಹರನ ಮಹಾದೇವಿಯಕ್ಕನ ರಗಳೆಯಲ್ಲಿ ಆಕೆ ಕೌಶಿಕನನ್ನು ಷರತ್ತುಗಳೊಡನೆ ಮದುವೆಯಾಗುತ್ತಾಳೆ. ಎರಡು ಶತಮಾನಗಳ ನಂತರ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಆ ಮದುವೆ ನಡೆಯುವುದೇ ಇಲ್ಲ. ಜೀವನದ ಇಷ್ಟು ಮುಖ್ಯವಾದ ಘಟನೆಯನ್ನೇ ಹೀಗೆ ಬದಲಿಸಿಕೊಂಡ ಪರಂಪರೆಯು ಆಕೆಯ ಬಾಯಿಗೆ ಹೊಸ ಹಾಡುಗಳನ್ನೂ ತಂದಿರಬಹುದೆಂಬ ಊಹೆ ಅಸಂಗತವಲ್ಲ.

8. ಕಾಲನಿರ್ಣಯದಿಂದ ಆಗುವುದೇನು?

ಇಷ್ಟೆಲ್ಲ ಸೂಕ್ಷ್ಮ ಪರೀಕ್ಷೆಯ ಅಗತ್ಯವೇನು, ಹಾಡು ಚೆನ್ನಾಗಿದ್ದರೆ ಸಾಲದೇ ಎಂದು ಕೇಳಬಹುದು. ಈ ಪ್ರಶ್ನೆಯನ್ನು ಲಘುವಾಗಿ ಕಾಣುವಂತಿಲ್ಲ. ಕನ್ನಡದ ಪ್ರಾಚೀನ ಸಾಹಿತ್ಯದಲ್ಲಿ ಹೆಣ್ಣಿನ ಸ್ವಂತ ದನಿಯಾಗಿ ಉಳಿದುಬಂದ ಪಠ್ಯಗಳು ವಿರಳ. ಪರೀಕ್ಷೆಯಿಲ್ಲದೆ ಒಂದು ಹಾಡನ್ನು ನಿರಾಕರಿಸಿದರೆ ಆ ದನಿಯ ಒಂದು ಭಾಗವನ್ನು ನಾವೇ ಅಳಿಸಿದಂತಾಗುತ್ತದೆ. ಪರೀಕ್ಷೆಯಿಲ್ಲದೆ ಒಪ್ಪಿಕೊಂಡರೆ ಮೂರು ಶತಮಾನಗಳ ನಂತರದ ಮಠೀಯ ವಿದ್ವಾಂಸರ ಸಿದ್ಧಾಂತವನ್ನು ಆಕೆಯ ಬಾಯಿಂದ ನುಡಿಸಿದಂತಾಗುತ್ತದೆ. ಆಕೆಯ ವಚನಗಳಲ್ಲಿ ಕಾಣುವ ನಿರ್ಭೀತ ಸ್ವಾತಂತ್ರ್ಯವನ್ನು ಹಾಡುಗಳ ವಿಧಿನಿಷೇಧಗಳೊಡನೆ ಸೇರಿಸಿ ಓದಿದಾಗ ತಲೆದೋರುವ ವೈರುಧ್ಯಗಳಲ್ಲಿ ಕೆಲವಾದರೂ ಒಬ್ಬಳೇ ಕವಯಿತ್ರಿಯ ವೈರುಧ್ಯಗಳಾಗಿರದೆ ಎರಡು ಕಾಲಗಳ ವೈರುಧ್ಯಗಳಾಗಿರಬಹುದು.

ನಂತರದ ಕಾಲದ್ದೆಂದು ತೀರ್ಮಾನವಾದ ಹಾಡು ನಿರರ್ಥಕವೂ ಅಲ್ಲ. ಅಕ್ಕನ ಅಂಕಿತದಲ್ಲಿ ಹಾಡಬೇಕೆಂದು ಯಾರಿಗೆ, ಯಾವ ಕಾಲದಲ್ಲಿ, ಏಕೆ ಅನ್ನಿಸಿತು ಎಂಬುದು ಸಾಹಿತ್ಯ ಚರಿತ್ರೆಯ ಮಹತ್ವದ ಪ್ರಶ್ನೆ. ಅಂಥ ಹಾಡು ಅಕ್ಕನ ಕೃತಿಯಲ್ಲದಿದ್ದರೂ ಅಕ್ಕನ ಪ್ರಭಾವಕ್ಕೆ ಲಿಖಿತ ದಾಖಲೆಯಾಗಿ ಉಳಿಯುತ್ತದೆ.

9. ಸಮಾರೋಪ

ಮೇಲಿನ ಚರ್ಚೆಯಿಂದ ಹೊರಡುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ರಾಗ-ತಾಳಗಳ ತಲೆಬರಹವು ಗಾಯನ ಅಥವಾ ಬರಹದ ಕಾಲಕ್ಕೆ ಸಾಕ್ಷಿ. ರಚನೆಯ ಕಾಲವನ್ನು ಅದರಿಂದ ಹಿಂದಕ್ಕಾಗಲಿ ಮುಂದಕ್ಕಾಗಲಿ ಎಳೆಯಬಾರದು. ಪಲ್ಲವಿಯ ಇರವು ಮಾತ್ರದಿಂದ ಹಾಡು ಈಚಿನದಾಗುವುದಿಲ್ಲ. ಚರಣಗಳೊಡನೆ ಅದರ ಸಂಬಂಧ ಮುಖ್ಯ. ಗಣವಿನ್ಯಾಸ ಮತ್ತು ಪ್ರಾಸಸ್ಥಾನಗಳು ರಚನೆಯ ಕಾಲಕ್ಕೆ ಹತ್ತಿರವಾದ ಸಾಕ್ಷಿಗಳು, ಆದರೆ ಅವೂ ಮಿತಿಯುಳ್ಳವು. ಅಂಕಿತವು ಪರಂಪರೆಯ ಹೇಳಿಕೆ. ಪರಿಭಾಷೆಯು ಹಾಡನ್ನು ಸಿದ್ಧಾಂತ ಚರಿತ್ರೆಯಲ್ಲಿ ನೆಲೆಗೊಳಿಸಲು ಸಹಾಯಕ.

ಈ ಅಳತೆಗೋಲುಗಳನ್ನು ಒಟ್ಟಿಗೆ ಬಳಸಿ ಅಕ್ಕನ ಹೆಸರಿನ ಸ್ವರವಚನಗಳನ್ನು ಮೂರು ವರ್ಗಗಳಾಗಿ ವಿಂಗಡಿಸುವುದು ಸಾಧುವೆಂದು ತೋರುತ್ತದೆ. ಪ್ರಾಚೀನ ಪಠ್ಯವು ಉಳಿದುಬಂದಿರುವ ಸಂಭವವುಳ್ಳವು. ಆಕೆಯ ವಚನದ ಭಾವವನ್ನೋ ನುಡಿಯನ್ನೋ ಆಧರಿಸಿ ನಂತರ ಹಾಡಾಗಿ ಮರುಬಂಧಗೊಂಡವು. ಆಕೆಯ ಅಂಕಿತದಲ್ಲಿ ಹೊಸದಾಗಿ ರಚಿತವಾದವು. ಇದಕ್ಕೆ ಮೊದಲ ಹೆಜ್ಜೆಯಾಗಿ ಪ್ರತಿಯೊಂದು ಹಸ್ತಪ್ರತಿಯ ತಲೆಬರಹವನ್ನು ಪಠ್ಯದಿಂದ ಪ್ರತ್ಯೇಕಿಸಿ ದಾಖಲಿಸಬೇಕು. ಒಂದೇ ಹಾಡಿಗೆ ಬೇರೆ ಬೇರೆ ಪ್ರತಿಗಳು ಬೇರೆ ಬೇರೆ ರಾಗಗಳನ್ನು ಸೂಚಿಸಿದ್ದರೆ ಅವುಗಳಲ್ಲಿ ಒಂದನ್ನು ಆರಿಸಿ ಉಳಿದುದನ್ನು ಕೈಬಿಡದೆ ಎಲ್ಲವನ್ನೂ ಪಾಠಾಂತರಗಳಂತೆಯೇ ಅಡಿಯಲ್ಲಿ ಕೊಡಬೇಕು. 1993ರಲ್ಲಿ ಹದಿನೈದು ಸಂಪುಟಗಳಲ್ಲಿ ಹೊರಬಂದ ಸಮಗ್ರ ವಚನ ಸಂಪುಟಗಳು ಗದ್ಯ ವಚನಗಳ ಅಧ್ಯಯನಕ್ಕೆ ಭದ್ರವಾದ ನೆಲೆಯನ್ನು ಒದಗಿಸಿದವು. ಸ್ವರವಚನಗಳ ವಿಷಯದಲ್ಲಿ ಸಾಹಿತ್ಯ, ಸಂಗೀತ ಮತ್ತು ಹಸ್ತಪ್ರತಿಶಾಸ್ತ್ರಗಳನ್ನು ಬಲ್ಲವರು ಕೂಡಿ ಕುಳಿತು ಆ ಬಗೆಯ ಕೆಲಸವನ್ನು ಕೈಗೊಂಡಲ್ಲಿ, ಉಡುತಡಿಯಲ್ಲಿ ಹುಟ್ಟಿದ ದನಿ ಯಾವುದು, ಅದಕ್ಕೆ ನಂತರದ ತಲೆಮಾರುಗಳು ಕೊಟ್ಟ ಮರುದನಿ ಯಾವುದು ಎಂಬುದನ್ನು ಈಗಿಗಿಂತ ಹೆಚ್ಚು ಸ್ಪಷ್ಟವಾಗಿ ಹೇಳಲು ಸಾಧ್ಯವಾದೀತು.